1796ರ ಸೇಬರ್: ಹಿಡಿ ಒಳ್ಳೆಯದು, ದೊಡ್ಡ ತೊಂದರೆ ಒರೆಯದು

ಎರಡು ವರ್ಷದಿಂದ ಪ್ರತಿ ಶನಿವಾರ ಡಲ್ಲಾಸ್‌ನಲ್ಲಿ ಸೇಬರ್, ಅಂದರೆ ಕುದುರೆ ಸವಾರರ ಬಾಗಿದ ಕತ್ತಿಯ ವರಸೆ ಕಲಿಯುತ್ತಿದ್ದೇನೆ. ಅಲ್ಲಿ ಕೈಗೆ ಕೊಡುವುದು ಮೊಂಡು ಕತ್ತಿ. ಹರಿತವಾದದ್ದು ಒಂದು ಮನೆಯಲ್ಲಿರಲಿ ಅಂತ ಕಳೆದ ನವೆಂಬರ್‌ನಲ್ಲಿ 1796ರ ಬ್ರಿಟಿಷ್ ಲೈಟ್ ಕ್ಯಾವಲ್ರಿ (ಹಗುರ ಕುದುರೆ ಪಡೆ) ಸೇಬರ್‌ನ ಪ್ರತಿಕೃತಿ ತರಿಸಿದೆ. ಡೆಹ್ರಾಡೂನ್‌ನಲ್ಲಿ ತಯಾರಾದದ್ದು. ಒರೆ ಸೇರಿ 310 ಡಾಲರ್ ಆಯಿತು. ಎಂಟು ತಿಂಗಳು ಬಳಸಿ ನೋಡಿ ಈಗ ಬರೆಯುತ್ತಿದ್ದೇನೆ.

ಮೊದಲು ಇದರ ಹುಟ್ಟಿನ ಕಥೆ ಹೇಳಬೇಕು. ಅದು ಗೊತ್ತಾದರೆ ಈ ಆಕಾರ ಯಾಕೆ ಅಂತ ತಿಳಿಯುತ್ತದೆ. 1793ರಿಂದ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಲ್ಲಿ ಫ್ರೆಂಚರ ಜೊತೆ ಕಾದಾಡಿದ ಬ್ರಿಟಿಷ್ ಸವಾರರ ಕತ್ತಿಗಳು ಒಡ್ಡೊಡ್ಡಾಗಿದ್ದವು. ವರಸೆಯ ತರಬೇತಿಯೂ ಸಾಲದು. ಬೀಸುವ ಭರದಲ್ಲಿ ತಮಗೂ ತಮ್ಮ ಕುದುರೆಗೂ ಗಾಯ ಮಾಡಿಕೊಳ್ಳುತ್ತಿದ್ದರು. ಇದನ್ನು ಕಣ್ಣಾರೆ ಕಂಡವನು ಜಾನ್ ಗ್ಯಾಸ್ಪರ್ಡ್ ಲೆ ಮಾರ್ಶಾಂಟ್ ಎಂಬ ಅಧಿಕಾರಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕತ್ತಿ ಮಾಡುತ್ತಿದ್ದ ಹೆನ್ರಿ ಆಸ್ಬಾರ್ನ್ ಜೊತೆ ಸೇರಿ ಈ ಸೇಬರ್ ರೂಪಿಸಿದ. ಅದನ್ನು ಬೀಸುವ ಕ್ರಮವನ್ನೂ 1796ರಲ್ಲೇ ಬರೆದುಕೊಟ್ಟ. 1811ರಲ್ಲಿ ಪ್ರಷ್ಯಾದವರು ಇದೇ ನಮೂನೆಯನ್ನು ತಮ್ಮ ಸೈನ್ಯಕ್ಕೆ ತೆಗೆದುಕೊಂಡರು. ಮರುವರ್ಷ ಸ್ಪೇನ್‌ನ ಸಲಮಾಂಕಾದಲ್ಲಿ ತನ್ನ ಸವಾರರ ಜೊತೆ ನುಗ್ಗಿದ ಲೆ ಮಾರ್ಶಾಂಟ್ ಗುಂಡೇಟಿಗೆ ಸತ್ತ.

ಇದು ಕಡಿಯಲೆಂದೇ ಮಾಡಿದ ಕತ್ತಿ. ಅಲಗಿನ ಉದ್ದ 33 ಇಂಚು, ಬಾಗು ಜಾಸ್ತಿ. ಮೊನೆಯ ಕಡೆ ಹೋಗ್ತಾ ಹೋಗ್ತಾ ಅಲಗು ಕಿರಿದಾಗುವುದಿಲ್ಲ, ಅಗಲವಾಗುತ್ತದೆ. ನನ್ನ ಕೊಡವ ಗೆಳೆಯನ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆದಿಂಡು ಕಡಿದದ್ದನ್ನು ನೋಡಿದ್ದೆ. ಅದರಲ್ಲೂ ಅಗಲ ಇರುವುದು ತುದಿಯ ಕಡೆಗೇ. ಆದರೆ ಒಡಿಕತ್ತಿಯ ಹರಿತ ಬಾಗಿನ ಒಳಬದಿಗೆ, ಇದರದ್ದು ಹೊರಬದಿಗೆ. ಓಡುವ ಕುದುರೆಯ ಮೇಲಿಂದ ಬೀಸಿದಾಗ ಅಲಗು ಸಿಕ್ಕಿಕೊಳ್ಳದೆ ಜಾರುತ್ತಾ ಸೀಳಿಕೊಂಡು ಹೋಗಬೇಕು, ಅದಕ್ಕೆ.

ಅಷ್ಟು ಅಗಲವಿದ್ದೂ ಭಾರವಾಗಬಾರದು. ಹಾಗಾಗಿ ಎರಡೂ ಮೈಯಲ್ಲಿ ಉದ್ದಕ್ಕೆ ಅಗಲವಾದ ತಗ್ಗು ತೋಡಿದ್ದಾರೆ. ಅಸಲಿ ಅಲಗುಗಳು ಹಿಡಿಯ ಹತ್ತಿರ ದಪ್ಪಗಿದ್ದು, ಮೊನೆಗೆ ಬರುವಷ್ಟರಲ್ಲಿ ಎರಡು ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತವೆ. ಆ ಕಾಲದ ಕಮ್ಮಾರಿಕೆಯ ಜಾಣ್ಮೆ ಇರುವುದು ಇಲ್ಲೇ. ನನ್ನದನ್ನು ಕ್ಯಾಲಿಪರ್ ಇಟ್ಟು ಅಳೆದೆ. ಬುಡದಲ್ಲಿ 6, ಮೊನೆಯ ಹತ್ತಿರ 4 ಮಿಲಿಮೀಟರ್. ತೂಕ 1,130 ಗ್ರಾಂ. ತುದಿ ಎಳೆಯುತ್ತದೆ. ಹತ್ತು ನಿಮಿಷಕ್ಕೆ ಮಣಿಕಟ್ಟು ಸೋಲುತ್ತದೆ. ಈ ಬೆಲೆಗೆ ಇದೊಂದನ್ನು ಸರಿ ಮಾಡಬೇಕಿತ್ತು ಅನ್ನಿಸಿತು. ಹಿಡಿ ಮಾತ್ರ ತುಂಬಾ ಚೆನ್ನಾಗಿದೆ. ಮರದ ಮೇಲೆ ಏಣು ಏಣಾಗಿ ತೊಗಲು ಬಿಗಿದಿದ್ದಾರೆ, ಬೆವರಿದರೂ ಜಾರುವುದಿಲ್ಲ. ಬೆರಳು ಕಾಯಲು ರಿಕಾಪಿನ ಆಕಾರದ ಒಂದೇ ಪಟ್ಟಿ ಇದೆ.

ಇನ್ನು ಒರೆ. ಪೂರ್ತಿ ಉಕ್ಕಿನದು. ಹೊರಗೆಳೆದಾಗ ಬರುವ ಸದ್ದು ಎಲ್ಲರಿಗೂ ಇಷ್ಟವಾಗುತ್ತದೆ, ಅಲ್ವಾ? ಅದು ಹರಿತ ಹಾಳಾಗುವ ಸದ್ದು. ಜನವರಿಯಲ್ಲಿ ಸಾಣೆ ಹಿಡಿದಾಗ ನೀರು ತುಂಬಿದ ಪ್ಲಾಸ್ಟಿಕ್ ಹಾಲಿನ ಕ್ಯಾನು ಒಂದೇ ಏಟಿಗೆ ಎರಡಾಗಿತ್ತು. ಒಂದು ತಿಂಗಳು ಒರೆಗೆ ಹಾಕಿ ತೆಗೆದು ಮಾಡಿದ ಮೇಲೆ ಅದೇ ಏಟಿಗೆ ಕ್ಯಾನು ಉರುಳಿತು, ಸೀಳಲಿಲ್ಲ.

ಇದು ಹೊಸ ದೂರೇನಲ್ಲ. ಹದಿನೈದನೇ ಹುಸಾರ್ಸ್ ಎಂಬ ಬ್ರಿಟಿಷ್ ಸವಾರ ದಳದ ಜೊತೆ ಬೆಂಗಳೂರಿನ ದಂಡಿನಲ್ಲಿದ್ದ ಅಧಿಕಾರಿ ಲೂಯಿ ನೋಲನ್ ಇದನ್ನು 1853ರಲ್ಲೇ ಬರೆದಿದ್ದಾನೆ. ಹೈದರಾಬಾದ್ ನಿಜಾಮನ ಸವಾರರ ಕತ್ತಿ ಏಟಿಗೆ ಕೈ, ತಲೆ ಹಾರಿಹೋಗಿದ್ದವು. ಅದೆಂಥ ಕತ್ತಿ ಅಂತ ನೋಡಿದರೆ, ಬ್ರಿಟಿಷರೇ ಹಳತಾಯಿತು ಎಂದು ಬಿಟ್ಟ, ಡ್ರಗೂನ್ ಎಂಬ ತಮ್ಮ ಸವಾರರ ಅಲಗುಗಳು! ಸವಾರರು ಅದಕ್ಕೆ ನಮ್ಮ ಕಡೆಯ ಹಿಡಿ ಕೂರಿಸಿ, ಚೆನ್ನಾಗಿ ಮಸೆದು, ಮರದ ಒರೆಯಲ್ಲಿ ಇಟ್ಟುಕೊಂಡಿದ್ದರು. ಕಾಳಗಕ್ಕೆ ಬಿಟ್ಟರೆ ಸುಮ್ನೆ ಹೊರಗೆ ತೆಗೆಯುತ್ತಿರಲಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ಅದೇ ಅಲಗು ಪ್ರತಿ ಕವಾಯತಿನಲ್ಲೂ ಕಬ್ಬಿಣಕ್ಕೆ ಉಜ್ಜಿ ಮೊಂಡಾಗುತ್ತಿತ್ತು. ಆ ಸವಾರರ ಮೇಲೆ ನನಗೆ ಬಹಳ ಗೌರವ. ಪುಸ್ತಕ ಬಂದ ಮುಂದಿನ ವರ್ಷ ನೋಲನ್ ಕ್ರೈಮಿಯಾದ ಬಾಲಕ್ಲಾವಾ ಕಾಳಗದಲ್ಲಿ ಸತ್ತ.

ಇದನ್ನು ಓದಿದ ಮೇಲೆ ಪಕ್ಕದ ಬೀದಿಯ ಬಡಗಿಯ ಹತ್ತಿರ ಎರಡು ಹೋಳಿನ ಮರದ ಒರೆ ಮಾಡಿಸಿದೆ. ಬಾಗು ಜಾಸ್ತಿ ಇರುವುದರಿಂದ ಎರಡು ಸಲ ಕೆತ್ತಬೇಕಾಯಿತು. 90 ಡಾಲರ್ ಕೊಟ್ಟೆ. ಮಾರ್ಚ್‌ನಿಂದ ಅಲಗು ಅದರಲ್ಲೇ ಇದೆ, ಇನ್ನೂ ಸಾಣೆ ಕೇಳಿಲ್ಲ.

ಕೊಳ್ಳುವವರು ಉದ್ದ, ತೂಕದ ಜೊತೆಗೆ ಮೊನೆಯ ದಪ್ಪ ಎಷ್ಟು ಅಂತ ಅಂಗಡಿಯವರನ್ನು ಕೇಳಿ. ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಬೇರೆ ನೋಡಿ. ಒರೆ ಬಿಟ್ಟು ಬರೀ ಕತ್ತಿ ಕೊಡುತ್ತಾರಾ ಅಂತಲೂ ಕೇಳಿ.