ಇಡೀ ಬೀಜ ಬಿಡಿ, ತುಂಡು ಕೊಳ್ಳಿ: ಪುತ್ತೂರು ಕಡೆಯ ಹೆಂಗಸರ ಗೇರುಬೀಜ

ಶಿವಮೊಗ್ಗದಲ್ಲಿ ಮನೆಯಿಂದಲೇ ಸಿಹಿತಿಂಡಿ ಮಾಡಿ ಕೊಡುವವಳು ನಾನು. ಗೋಡಂಬಿ ಬರ್ಫಿ, ಹಯಗ್ರೀವ, ಸಣ್ಣಪುಟ್ಟ ಸಮಾರಂಭಕ್ಕೆ ಪಾಯಸ. ಹಾಗಾಗಿ ಗೋಡಂಬಿ ನೋಡೋಕೆ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ರುಬ್ಬಿದಾಗ ಏನಾಗುತ್ತದೆ ಅನ್ನೋದೇ ನನಗೆ ಮುಖ್ಯ. ಆ ಲೆಕ್ಕದಲ್ಲಿ ಈ ವರ್ಷ ಸಿಕ್ಕ ಒಳ್ಳೆಯ ಮಾಲು ಪುತ್ತೂರು ತಾಲೂಕಿನ ಒಂದು ಹಳ್ಳಿಯದ್ದು. ಗುಡ್ಡದ ಮೇಲೆ ಒಂದೆರಡು ಎಕರೆ ಗೇರು ಇರುವ ಹೆಂಗಸರು ಸೇರಿಕೊಂಡು, ತಮ್ಮ ಬೀಜವನ್ನು ತಾವೇ ಬೇಯಿಸಿ, ಒಡೆದು, ಸುಲಿದು ಮಾರುತ್ತಿದ್ದಾರೆ.

ಗುಂಪಿನ ಹೆಸರು ಬೇಕೆಂದೇ ಹಾಕಿಲ್ಲ. "ಇಡೀ ಬೀಜ ಈಗಿರುವ ಗಿರಾಕಿಗಳಿಗೇ ಸಾಲುದಿಲ್ಲ ಅಕ್ಕ. ನೀವು ಮೊಬೈಲಲ್ಲಿ ಹಾಕಿದ್ರೆ ಫೋನ್ ಎತ್ತುವುದು ಯಾರು?" ಅಂದರು ಲೆಕ್ಕ ಬರೆಯುವವರು. ಕರಾವಳಿಯಲ್ಲಿ ಇಂಥ ಗುಂಪುಗಳು ಬೇರೆಯೂ ಇವೆ. ನಾನು ಬರೆಯುತ್ತಿರುವುದರಲ್ಲಿ ಮುಕ್ಕಾಲು ಪಾಲು ಅವುಗಳಿಗೂ ಸಲ್ಲುತ್ತದೆ.

ರುಚಿ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಗೇರಿನ ಕಾಲ ಫೆಬ್ರವರಿಯಿಂದ ಮೇ ತನಕ. ನಾನು ತಂದದ್ದು ಅದೇ ಬೇಸಿಗೆಯ ಬೀಜ. ಕಚ್ಚಿದರೆ ಟಕ್ಕೆಂದು ಮುರಿಯುತ್ತದೆ, ಅಗಿಯುತ್ತಾ ಸಿಹಿ ಬಿಡುತ್ತದೆ, ಹಳೇ ಬೀಜದ ಕಮಟು ಸ್ವಲ್ಪವೂ ಇಲ್ಲ. ಬರ್ಫಿಗೆ ರುಬ್ಬಿದಾಗ ನುಣ್ಣಗಾಯಿತು, ತುಪ್ಪವೂ ಕಡಿಮೆ ಹಿಡಿಯಿತು. ಬಣ್ಣ ಮಾತ್ರ ಅಂಗಡಿ ಗೋಡಂಬಿಯಷ್ಟು ಬಿಳುಪಲ್ಲ, ಕೆನೆ ಬಣ್ಣ. ಬೆಳ್ಳಗೇ ಬೇಕು ಅನ್ನುವ ಗಿರಾಕಿಗಳಿದ್ದರೆ ಮೊದಲೇ ಹೇಳಿಬಿಡಿ.

ಅಂಗಡಿ ಮಾಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕರಾವಳಿಯ ಬೀಜದ ಫ್ಯಾಕ್ಟರಿಗಳಿಗೆ ನಮ್ಮ ಬೆಳೆ ಸಾಲುವುದಿಲ್ಲ. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಕಡೆಯಿಂದ ಹಸಿ ಬೀಜ, ಅಂದರೆ ಚಿಪ್ಪು ಸಮೇತ ಇರುವ ಬೀಜ, ಹಡಗಿನಲ್ಲಿ ಬರುತ್ತದೆ. ಅದರಲ್ಲೂ ಒಳ್ಳೆಯದು ಇರುತ್ತದೆ. ಆದರೆ ಪ್ಯಾಕೆಟ್ ನೋಡಿದರೆ ಯಾವ ಊರಿನದು, ಯಾವ ವರ್ಷದ್ದು ಅಂತ ಗೊತ್ತಾಗಲ್ಲ, ಅಲ್ವಾ? ಇಲ್ಲಿ ಕೇಳಿದರೆ ಯಾರ ಗುಡ್ಡದ್ದು ಅಂತಲೂ ಹೇಳುತ್ತಾರೆ.

ನಾದಿನಿಯ ಮನೆ ಅಲ್ಲೇ ಹತ್ತಿರ. ಹೋಗಿದ್ದಾಗ ಅವರ ಶೆಡ್ಡಿನಲ್ಲಿ ಸುಮಾರು ಹೊತ್ತು ಕೂತಿದ್ದೆ. ಒಣಗಿಸಿಟ್ಟ ಬೀಜವನ್ನು ಹಬೆಯಲ್ಲಿ ಬೇಯಿಸಿ, ರಾತ್ರಿಯಿಡೀ ಆರಲು ಬಿಡುತ್ತಾರೆ. ಆಗ ಚಿಪ್ಪು ಪೆಡಸಾಗಿ, ಒಡೆಯಲು ಬರುತ್ತದೆ. ಒಡೆಯುವ ಯಂತ್ರ ಮೇಜಿಗೆ ಬಿಗಿದಿರುತ್ತದೆ. ಎಡಗೈಯಲ್ಲಿ ಒಂದೊಂದೇ ಬೀಜವನ್ನು ಎರಡು ಅಲಗಿನ ನಡುವೆ ನಿಲ್ಲಿಸಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು, ಬಲಗೈಯಲ್ಲಿ ಹಿಡಿ ಎಳೆಯಬೇಕು. ಚಿಪ್ಪು ಎರಡು ಹೋಳಾಗುತ್ತದೆ. ಪಕ್ಕದಲ್ಲಿ ಕೂತವರು ಚೂಪು ಕಡ್ಡಿಯಲ್ಲಿ ತಿರುಳನ್ನು ಎಬ್ಬಿಸುತ್ತಾರೆ. ಅಲಗು ಸ್ವಲ್ಪ ಒಳಗೆ ಹೋದರೆ ತಿರುಳಿಗೆ ಗಾಯ, ಇಡೀ ಬೀಜ ಹೋಳಾಯಿತು ಅಂತಲೇ.

ನಾನೊಂದು ಚಿಪ್ಪು ಎತ್ತಿಕೊಳ್ಳಲು ಹೋದೆ. "ಅಯ್ಯೋ ಮುಟ್ಬೇಡಿ ಅಕ್ಕ, ಕೈ ಸುಡ್ತದೆ!" ಅಂದರು. ಚಿಪ್ಪಿನೊಳಗಿನ ಎಣ್ಣೆ ತಾಗಿದರೆ ಚರ್ಮ ಕಪ್ಪಾಗಿ ಸುಲಿದು ಬರುತ್ತದೆ. ಕೈಗವಸು ಇದೆ, ಆದರೆ ಗವಸು ಹಾಕಿದರೆ ಬೀಜ ಸರಿಯಾಗಿ ನಿಲ್ಲುವುದಿಲ್ಲವಂತೆ. ಬೆರಳಿಗೆ ಹರಳೆಣ್ಣೆ ಬಳಿದುಕೊಂಡು ಕೂರುತ್ತಾರೆ. ಒಬ್ಬರ ಹೆಬ್ಬೆರಳ ತುದಿಯಲ್ಲಿ ಹಳೇ ಕಲೆ, ಇದ್ದಿಲು ತಿಕ್ಕಿದ ಹಾಗೆ. ಅವರು ಮೊದಲು ಬೀಜದ ಫ್ಯಾಕ್ಟರಿಯಲ್ಲಿದ್ದವರು, ಸುಲಿದ ಕಿಲೋ ಲೆಕ್ಕದಲ್ಲಿ ಕೂಲಿ. ಕೆಲಸ ಅದೇ. ಬೀಜ ಮಾತ್ರ ಈಗ ಅವರದ್ದು.

ದುಡ್ಡಿನ ಲೆಕ್ಕ ಹೀಗಿದೆ. ಹಸಿ ಬೀಜ ವ್ಯಾಪಾರಿಗೆ ಹಾಕಿದರೆ ಕಿಲೋಗೆ ನೂರು ಚಿಲ್ಲರೆ ರೂಪಾಯಿ, ಅದೂ ಆ ದಿನದ ರೇಟು. ಸುಮಾರು 4 ಕಿಲೋ ಹಸಿ ಬೀಜಕ್ಕೆ 1 ಕಿಲೋ ತಿರುಳು ಸಿಗುತ್ತದೆ. ಅದನ್ನು ಅವರು ನನಗೆ ಕೊಟ್ಟದ್ದು ಇಡೀ ಬೀಜಕ್ಕೆ 1,050, ಹೋಳಿಗೆ 850, ತುಂಡಿಗೆ 680 ರೂಪಾಯಿಯಂತೆ. ಸೌದೆ, ಕರೆಂಟು, ಸಾಲದ ಕಂತು ಎಲ್ಲ ಅದರಲ್ಲೇ ಹೋಗಬೇಕು. ಕೇಂದ್ರ ಸರ್ಕಾರ 2020ರಲ್ಲಿ ತಂದ ಕಿರು ಆಹಾರ ಘಟಕಗಳ ಯೋಜನೆಯಲ್ಲಿ 35 ಶೇಕಡಾ ಸಬ್ಸಿಡಿ ಸಿಕ್ಕಿತ್ತು, ಯಂತ್ರ ಅದರಲ್ಲೇ ಬಂದದ್ದು. ಉಳಿದದ್ದು ಬ್ಯಾಂಕಿನ ಸಾಲ.

ಇಲ್ಲಿ ಪೆಟ್ಟು ಬೀಳುವುದು ತುಂಡಿನಿಂದ. ಎಷ್ಟು ಪಳಗಿದ ಕೈಯಾದರೂ ಕೆಲವು ಮುರಿಯುತ್ತವೆ, ಹೊಸಬರ ಕೈಯಲ್ಲಿ ಇನ್ನೂ ಜಾಸ್ತಿ. ಮುರಿದ ಕೂಡಲೇ ಕಿಲೋಗೆ ಮುನ್ನೂರು ನಾನೂರು ಇಳಿಯಿತು. ಊರಿನ ಗಿರಾಕಿಗಳು ಉಡುಗೊರೆಗೆ ಅಂತ ಇಡೀ ಬೀಜವೇ ಕೇಳುತ್ತಾರೆ, ತುಂಡು ಡಬ್ಬದಲ್ಲೇ ಉಳಿಯುತ್ತದೆ. ಅದೇ ಮರದ್ದು, ಅದೇ ರುಚಿ. ಬರ್ಫಿಗೆ, ಕುರ್ಮಾಕ್ಕೆ ರುಬ್ಬುವವರು ಇಡೀ ಬೀಜ ಕೊಂಡು ಮಿಕ್ಸಿಯಲ್ಲಿ ಪುಡಿ ಮಾಡುವುದು ಸುಮ್ನೆ ದುಡ್ಡು ದಂಡ.

ಕೊರತೆಗಳೂ ಇವೆ. ಗಾತ್ರ ಒಂದೇ ಸಮ ಇಲ್ಲ. ಅಂಗಡಿಯಲ್ಲಿ 320 ನಂಬರ್ ಅಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಹೆಚ್ಚೆಂದರೆ 320 ಬೀಜ. ಇಲ್ಲಿ ಹಳೇ ನಾಟಿ ಮರದ ಸಣ್ಣ ಬೀಜವೂ ವೆಂಗುರ್ಲಾ ತಳಿಯ ದಪ್ಪ ಬೀಜವೂ ಒಂದೇ ಪ್ಯಾಕೆಟ್ಟಿನಲ್ಲಿವೆ. ಹುರಿದರೆ ಸಣ್ಣದು ಮೊದಲು ಕೆಂಪಾಗುತ್ತದೆ. ತುಂಡಿನಲ್ಲಿ ಕೆಂಪು ಸಿಪ್ಪೆಯ ಚೂರು ಅಲ್ಲಲ್ಲಿ ಉಳಿದಿರುತ್ತದೆ, ರುಬ್ಬುವ ಮೊದಲು ಜರಡಿ ಹಿಡಿಯಬೇಕು. ಒಂದು ಪ್ಯಾಕೆಟ್ಟಿನ ಸೀಲ್ ಬಿಟ್ಟುಕೊಂಡು ಬೀಜ ಮೆತ್ತಗಾಗಿತ್ತು. ಫೋನ್ ಮಾಡಿದರೆ ಮರುಮಾತಾಡದೆ ಬೇರೆ ಕಳಿಸಿದರು. ಕೊರಿಯರ್ ಖರ್ಚು ನಮ್ಮದೇ.

ಇನ್ನೊಂದು ಬೇಜಾರು, ಅದಕ್ಕೂ ಬೀಜಕ್ಕೂ ಸಂಬಂಧ ಇಲ್ಲ. ಹಣ್ಣು ಪೂರ್ತಿ ಗುಡ್ಡದಲ್ಲೇ ಕೊಳೆಯುತ್ತದೆ. ಗೋವಾದವರು ಅದರಿಂದ ಫೆನಿ ಅನ್ನುವ ಮದ್ಯ ಮಾಡಿ ಹೆಸರು ಮಾಡಿದರು. ಇವರು ಜ್ಯೂಸು, ಜಾಮ್ ಏನಾದರೂ ಶುರು ಮಾಡಿದರೆ ಮೊದಲ ಬಾಟಲಿ ನನಗೇ ಇರಲಿ ಅಂದಿದ್ದೇನೆ. ನಕ್ಕರು.

ಇಂಥ ಗುಂಪಿನಿಂದ ಕೊಳ್ಳುವಾಗ ಎರಡು ಮಾತು ಕೇಳಿ: ಯಾವ ತಿಂಗಳು ಸುಲಿದದ್ದು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಂಬರ್ ಇದೆಯಾ. ತಂದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಡಿ, ಮಳೆಗಾಲದಲ್ಲಂತೂ ಹೊರಗೆ ಬೇಡವೇ ಬೇಡ. ಮುಂದಿನ ಏಪ್ರಿಲ್‌ಗೆ ನಾನು ಹತ್ತು ಕಿಲೋ ತುಂಡು ಈಗಲೇ ಹೇಳಿಟ್ಟಿದ್ದೇನೆ. ಇಡೀ ಬೀಜ ಅರ್ಧ ಕಿಲೋ ಸಾಕು, ಹಯಗ್ರೀವದ ಮೇಲೆ ಅಲಂಕಾರಕ್ಕೆ.