ಮಲೆನಾಡಿನ ಮನೆಗೆ ಆಕಾಶವಾಣಿ ‘ರಾಗಂ’: ಡಿಶ್ ಕೂರಿಸುವುದರಿಂದ ತಾಳ ಹಾಕುವವರೆಗೆ

ಸಿನಿಮಾ ಹಾಡು, ಭಾವಗೀತೆಗೆ ಪಳಗಿದ ಕಿವಿಗೆ ಶಾಸ್ತ್ರೀಯ ಸಂಗೀತದ ರುಚಿ ಹತ್ತಬೇಕೆಂದರೆ ಹಾಸನ, ಚಿಕ್ಕಮಗಳೂರಿನವರಿಗೆ ನಾವು ಮೊದಲು ಹೇಳುವುದು ಆಕಾಶವಾಣಿಯ ‘ರಾಗಂ’ ವಾಹಿನಿಯನ್ನು. 2016ರ ಜನವರಿ 26ರಂದು ಆರಂಭವಾದ ಇದರಲ್ಲಿ ದಿನದ 24 ಗಂಟೆಯೂ ಕರ್ನಾಟಕ, ಹಿಂದೂಸ್ತಾನಿ ಸಂಗೀತವೇ. ಬೇಸರವಾಯಿತೆಂದು ಮುಂದಿನ ಹಾಡಿಗೆ ಹಾರುವಂತಿಲ್ಲ. ಹೊಸಬರಿಗೆ ಇದೇ ಇದರ ದೊಡ್ಡ ಗುಣ. ಆಲಾಪನೆ, ಅಂದರೆ ತಾಳವಿಲ್ಲದೆ ರಾಗವನ್ನು ಬಿಡಿಸುವುದು, ಹಿಡಿತಕ್ಕೆ ಬರುವುದು ಅದರ ಪಾಡಿಗೆ ಅದನ್ನು ಹರಿಯಲು ಬಿಟ್ಟಾಗ.

ಹಾಸನ ಪೇಟೆಯಲ್ಲಿದ್ದರೆ ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಸಾಕು. 64 ಕೆಬಿಪಿಎಸ್ ಲೆಕ್ಕದಲ್ಲಿ ಗಂಟೆಗೆ ಸುಮಾರು 29 ಎಂಬಿ ಡೇಟಾ ಹೋಗುತ್ತದೆ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತರೆ, ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ್ಯಪನ್ನು ಹೊರಗಿಡಿ.

ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟದ ಮನೆಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಅಲ್ಲಿಗೆ ದೂರದರ್ಶನದ ಉಚಿತ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ಒಳ್ಳೆಯದು. ಸೆಟ್ ಟಾಪ್ ಪೆಟ್ಟಿಗೆ, ಡಿಶ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ. ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಕಡೆಯಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದರೆ 125 ಡಿಗ್ರಿ ಆಸುಪಾಸು. ಎತ್ತರದ ಕೋನ ಸುಮಾರು 64 ಡಿಗ್ರಿ. ಆ ದಿಕ್ಕಿಗೆ ಸಿಲ್ವರ್ ಓಕ್ ಮರವೊಂದು ಅಡ್ಡ ಬೆಳೆದರೂ ಸಿಗ್ನಲ್ ಹೋಯಿತು, ಆದ್ದರಿಂದ ಮರ ಇನ್ನೆಷ್ಟು ಬೆಳೆದೀತು ಎಂದು ನೋಡಿಯೇ ಜಾಗ ಆರಿಸಿ.

ಮಳೆಗಾಲದ್ದು ಬೇರೆಯೇ ಪಾಡು. ಈ ತರಂಗಗಳನ್ನು ಮಳೆಹನಿ ಹೀರಿಬಿಡುತ್ತದೆ, ಜೋರು ಮಳೆಗೆ ಹಾಡು ಕಡಿದು ಕಡಿದು ಬರುತ್ತದೆ. 60 ಸೆಂಟಿಮೀಟರಿನ ಬದಲು 90ರ ಡಿಶ್ ಹಾಕಿದರೆ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ, ಸಾಧಾರಣ ಮಳೆಗೆಲ್ಲ ಅದು ಜಗ್ಗುವುದಿಲ್ಲ. ಹೆಚ್ಚು ಕಾಡುವುದು ಕನೆಕ್ಟರಿನೊಳಗೆ ಇಳಿಯುವ ನೀರು. ತಾಮ್ರ ಹಸಿರುಗಟ್ಟಿದ ಮೇಲೆ ಬಿಸಿಲು ಬಂದರೂ ಸಿಗ್ನಲ್ ಮರಳುವುದಿಲ್ಲ. ಜೋಡಣೆಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ, ಕೇಬಲ್ಲನ್ನು ಅದಕ್ಕಿಂತ ಕೆಳಕ್ಕೆ ಬಾಗಿಸಿ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ವಾಹಿನಿ ಸಿಗುವುದು ಪೆಟ್ಟಿಗೆಯ ರೇಡಿಯೋ ಪಟ್ಟಿಯಲ್ಲಿ. ಕಾಣದಿದ್ದರೆ ಪಟ್ಟಿ ಹಳೆಯದಾಗಿರಬಹುದು, ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಟಿವಿಯ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬಿಳಿ ಒಂದರ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ) ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಮಂದ್ರ ತಂತಿ ಮಿಡಿಯುವುದು ಸುಮಾರು 65 ಹರ್ಟ್ಸ್‌ನಲ್ಲಿ. ತೆಳ್ಳನೆಯ ಟಿವಿಗೆ ಅದು ದಕ್ಕುವುದಿಲ್ಲ. ಶ್ರುತಿ ತುಂಬಿ ಕೇಳದಿದ್ದರೆ ಸ್ವರ ಎಲ್ಲಿ ನಿಂತಿತು ಎನ್ನುವುದೇ ತಿಳಿಯದು. ಪೆಟ್ಟಿಗೆಯ ಕೆಂಪು-ಬಿಳಿ ಪಿನ್ನುಗಳಿಂದ ಹಳೆಯ ಹೋಮ್ ಥಿಯೇಟರಿಗೆ ವೈರ್ ಎಳೆದು, ಬಾಸ್ ಹೆಚ್ಚಿಸದೆ ಕೇಳಿ. ಹೆಚ್ಚಿಸಿದರೆ ಮೃದಂಗದ ಎಡಬದಿ ಗುಮ್ಮೆನ್ನುತ್ತ ಎಲ್ಲವನ್ನೂ ನುಂಗುತ್ತದೆ.

ಕೇಳುತ್ತ ಕೈ ಆಡಲಿ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಘಾತ (ಅಂಗೈಯ ತಟ್ಟು), ಕಿರುಬೆರಳು, ಉಂಗುರ, ನಡುಬೆರಳು, ಆಮೇಲೆ ಘಾತ-ಬೀಸು (ಅಂಗೈ ಮೇಲಾಗಿ ತಿರುಗಿಸುವುದು), ಘಾತ-ಬೀಸು. ಪಲ್ಲವಿ ಘಾತಕ್ಕೆ ಸರಿಯಾಗಿ ಕೂರದಿದ್ದರೆ ನಿಮ್ಮ ಎಣಿಕೆ ತಪ್ಪಿದೆ ಎಂದುಕೊಳ್ಳಬೇಡಿ, ಎಷ್ಟೋ ಕೃತಿಗಳು ಅರ್ಧ ಅಥವಾ ಮುಕ್ಕಾಲು ಎಣಿಕೆ ಬಿಟ್ಟು ಎತ್ತಿಕೊಳ್ಳುತ್ತವೆ. ಹಿಂದೂಸ್ತಾನಿಯ ನಿಧಾನಗತಿಯ ಗಾಯನವಾದ ವಿಲಂಬಿತ ಖ್ಯಾಲ್‌ನಲ್ಲಿ ಹನ್ನೆರಡು ಮಾತ್ರೆಯ ಏಕತಾಳ ಬಹಳ ನಿಧಾನ. ಅಲ್ಲಿ ಎಣಿಸುವ ಬದಲು ಮುಖಡಾ (ಹಾಡಿನ ಮೊದಲ ತುಣುಕು) ಬಂದು ‘ಸಮ್’ (ತಾಳದ ಮೊದಲ ಮಾತ್ರೆ) ಮೇಲೆ ಇಳಿಯುವ ಗಳಿಗೆಗೆ ಕಾಯಿರಿ. ಒಮ್ಮೆ ಅದು ಸಿಕ್ಕಿತೆಂದರೆ ಬಿಡಲು ಮನಸ್ಸಾಗುವುದಿಲ್ಲ.

ಕೊರತೆಯೂ ಇದೆ. ನೇರ ಪ್ರಸಾರವಾದ್ದರಿಂದ ಹಿಂದಕ್ಕೆ ಹೋಗಲಾಗದು. ರಾಗದ ಹೆಸರು ಹೇಳುವ ಹೊತ್ತಿಗೆ ಕಿವಿಗೊಡದಿದ್ದರೆ ಮುಗಿಯಿತು. ಕೈಗೆಟಕುವಲ್ಲಿ ನೋಟ್‌ಬುಕ್ ಇಡಿ. ರಾಗ, ತಾಳ, ಹಾಡಿದವರು, ಇಷ್ಟು ಬರೆದುಕೊಂಡರೆ ಎಳೆ ಸಿಗುತ್ತದೆ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು ಎಂಬ ಕರ್ನಾಟಕ ಸಂಗೀತ ಗಾಯಕರ ಹೆಸರು ಬಂದರೆ ಧ್ವನಿ ಸ್ವಲ್ಪ ಏರಿಸಿ. ಅವರ ಮೂಲ, ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ, ನಮ್ಮದೇ ಹಾಸನ ಜಿಲ್ಲೆಯಲ್ಲಿದೆ. ತಂಬೂರಿ ಆಕಾರದ ಮಂದಿರವನ್ನೂ ಅಲ್ಲಿ ನೋಡಿ ಬರಬಹುದು.