ಗಾರ್ಮಿನ್ ವಾಚಿನ ಹೃದಯ ಬಡಿತದ ವಲಯಗಳು

ವ್ಯಾಯಾಮದ ತೀವ್ರತೆಯನ್ನು ಐದು ವಲಯಗಳಲ್ಲಿ ತೋರಿಸುವ ಗಾರ್ಮಿನ್ ವಾಚನ್ನು ಕೊಂಡವರು ಮೊದಲು ಗಮನಿಸಬೇಕಾದದ್ದು ಅದರ ಲೆಕ್ಕದ ಕ್ರಮವನ್ನು. ನಾವೇನೂ ಬದಲಿಸದಿದ್ದರೆ ಅದು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಅಂದಾಜಿಸಿ, ಅದರ ಶೇಕಡಾವಾರು ಲೆಕ್ಕದಲ್ಲಿ ವಲಯಗಳನ್ನು ಗುರುತಿಸುತ್ತದೆ. ಒಂದೇ ವಯಸ್ಸಿನವರಲ್ಲೂ ನಿಜವಾದ ಗರಿಷ್ಠ ಬಡಿತ ಹತ್ತು-ಹನ್ನೆರಡರಷ್ಟು ಹೆಚ್ಚುಕಡಿಮೆಯಾಗುವುದರಿಂದ ಇದು ಸ್ಥೂಲ ಲೆಕ್ಕವಷ್ಟೇ. ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಟ್ ರೇಟ್ ರಿಸರ್ವ್’ (ಗರಿಷ್ಠ ಬಡಿತಕ್ಕೂ ವಿಶ್ರಾಂತಿಯ ಬಡಿತಕ್ಕೂ ಇರುವ ಅಂತರ) ಆಯ್ದುಕೊಂಡರೆ ವಿಶ್ರಾಂತಿಯ ಬಡಿತವೂ ಲೆಕ್ಕಕ್ಕೆ ಸೇರುತ್ತದೆ. ನನಗೆ ತುಂಬ ಮೆಚ್ಚುಗೆಯಾದ ಸೌಲಭ್ಯ ಇದೇ. ವಿಶ್ರಾಂತಿಯ ಬಡಿತ 60 ಇರುವ 45 ವರ್ಷದವರಿಗೆ ಎರಡನೆಯ ವಲಯ ಮೊದಲಿನ ಕ್ರಮದಲ್ಲಿ 105ಕ್ಕೆ ಆರಂಭವಾದರೆ, ಈ ಕ್ರಮದಲ್ಲಿ 129ಕ್ಕೆ ಆರಂಭವಾಗುತ್ತದೆ. ಅನೇಕರ ಪಾಲಿಗೆ ಇದು ಬಿರುಸಿನ ನಡಿಗೆಗೂ ನಿಧಾನದ ಓಟಕ್ಕೂ ಇರುವಷ್ಟು ಅಂತರ. ಹೃದಯ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಿಗೆ ಈ ಎರಡೂ ಲೆಕ್ಕಗಳು ಹೊಂದುವುದಿಲ್ಲ. ಅವರು ವೈದ್ಯರು ಹೇಳಿದ ಮಿತಿಗಳನ್ನು ತಾವೇ ನಮೂದಿಸಿಕೊಳ್ಳಬೇಕು, ಅದಕ್ಕೂ ಇದರಲ್ಲಿ ಅವಕಾಶವಿದೆ.